ಆಗರದ ಮಕ್ಕಳು ಮತ್ತು ಪರಿಸರದ ಪರೀಕ್ಷೆ

(ಆಂಟಾಪ್ ಹಿಲ್ ಭಾಗದ ಹತ್ತನೆಯ ತರಗತಿಯ ಕನ್ನಡ ವಿದ್ಯಾರ್ಥಿಗಳು ಹಾಗೂ ಅವರ ಪಾಲಕರಿಗಾಗಿ ಏರ್ಪಡಿಸಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪರೀಕ್ಷೆಗೆ ಇನ್ನು ಏಳು ವಾರಗಳು ಉಳಿದಿವೆ. ಇದೇ ವೇದಿಕೆಯಿಂದ ಗಣಿತದ ಬಗ್ಗೆ ಒಬ್ಬರು, ಇಂಗ್ಲಿಷಿನ ಬಗ್ಗೆ ಒಬ್ಬರು ಈಗಾಗಲೇ ಮಾತನಾಡಿ ಹೋಗಿದ್ದಾರೆ. ಆ ಎರಡು ದಿನ ಇಲ್ಲಿ ನಿಲ್ಲಲು ಜಾಗವಿರಲಿಲ್ಲವೆಂದು ಕಾರ್ಯದರ್ಶಿಗಳು ಹೇಳಿದರು. ಇಂದು ಹಿಂದಿನ ಮೂರು ಸಾಲುಗಳು ಖಾಲಿಯಾಗಿವೆ. ನನಗೆ ಅದರಿಂದ ಬೇಸರವಾಗಿಲ್ಲ. 'ಪರಿಸರ ವಿಜ್ಞಾನದ ಪರೀಕ್ಷೆಗೆ ಸಿದ್ಧತೆ' ಎಂಬ ವಿಷಯಕ್ಕೆ ಇಷ್ಟು ಜನ ಬಂದಿರುವುದೇ ಒಂದು ಸೋಜಿಗ. ಒಳಗೆ ಬರುವಾಗ ತಾಯಿಯೊಬ್ಬರು ನೇರವಾಗಿ ಕೇಳಿದರು: "ಇದಕ್ಕೆ ಮಾರ್ಕು ಎಷ್ಟು ಸಾರ್?" ಪ್ರಶ್ನೆ ನ್ಯಾಯವಾದದ್ದೇ. ದಿನಕ್ಕೆ ಹನ್ನೆರಡು ಗಂಟೆ ದುಡಿಯುವ ಮನೆಯವರು ಮಗುವಿನ ಒಂದೊಂದು ಗಂಟೆಯನ್ನೂ ಲೆಕ್ಕ ಹಾಕಲೇಬೇಕು. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

೧೯೯೧ರ ನವೆಂಬರ್ ೨೨ರಂದು ಸರ್ವೋಚ್ಚ ನ್ಯಾಯಾಲಯವು ಎಂ.ಸಿ. ಮೆಹ್ತಾ ಎಂಬ ನ್ಯಾಯವಾದಿಯ ಅರ್ಜಿಯ ಮೇಲೆ ತೀರ್ಪು ನೀಡಿ, ಪರಿಸರವನ್ನು ಶಾಲೆ ಕಾಲೇಜುಗಳಲ್ಲಿ ಕಡ್ಡಾಯ ವಿಷಯವಾಗಿ ಕಲಿಸಬೇಕೆಂದು ಹೇಳಿತು. ಅದೇ ತೀರ್ಪಿನಲ್ಲಿ ಸಿನಿಮಾ ಮಂದಿರಗಳು ಪರಿಸರದ ಬಗ್ಗೆ ಸ್ಲೈಡುಗಳನ್ನು ಪುಕ್ಕಟೆಯಾಗಿ ತೋರಿಸಬೇಕೆಂಬ ಆದೇಶವೂ ಇತ್ತು. ಆ ಸ್ಲೈಡು ಬರುವ ಹೊತ್ತಿಗೆ ಕಡಲೆಕಾಯಿ ಕೊಳ್ಳಲು ಹೊರಗೆ ಹೋಗುತ್ತಿದ್ದವರು ಈ ಸಭೆಯಲ್ಲಿಯೂ ಇರಬಹುದು. ಆದೇಶ ಸರಿಯಾಗಿ ಜಾರಿಯಾಗಲಿಲ್ಲವೆಂದು ಅದೇ ನ್ಯಾಯಾಲಯ ೨೦೦೩ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಎಚ್ಚರಿಸಬೇಕಾಯಿತು. ಅನಂತರ ರಾಜ್ಯಗಳು ಪಠ್ಯಕ್ರಮ ರೂಪಿಸಿದವು. ಮಹಾರಾಷ್ಟ್ರದಲ್ಲಿ ವಿಷಯವೇನೋ ಬಂದಿತು. ಆದರೆ ಬಂದದ್ದು ಶ್ರೇಣಿಯ ವಿಷಯವಾಗಿ. ಒಂಬತ್ತು ಹತ್ತನೆಯ ತರಗತಿಗಳಲ್ಲಿ ಈಚಿನ ವರ್ಷಗಳಲ್ಲಿ ಅದು 'ಜಲಸುರಕ್ಷೆ' ಎಂಬ ಹೆಸರನ್ನು ತಾಳಿತು. ಶ್ರೇಣಿಯ ವಿಷಯವೆಂದರೆ ಒಟ್ಟು ಅಂಕಗಳಿಗೆ ಸೇರದ ವಿಷಯ. ಒಟ್ಟಿಗೆ ಸೇರದ್ದನ್ನು ನಮ್ಮ ಶಾಲೆಗಳು ಹೇಗೆ ಕಲಿಸುತ್ತವೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ನನ್ನ ಪಾಲೂ ಇದೆ. ನಾನು ದುಡಿದ ಶಾಲೆಯೊಂದರಲ್ಲಿ ಪರಿಸರದ ಪಿರಿಯಡ್ಡು ವೇಳಾಪಟ್ಟಿಯಲ್ಲಿ ಮಾತ್ರ ಇರುತ್ತಿತ್ತು. ತರಗತಿಯಲ್ಲಿ ನಡೆಯುತ್ತಿದ್ದುದು ಬೀಜಗಣಿತ. ವರ್ಷದ ಕೊನೆಗೆ ಮಕ್ಕಳು ಯೋಜನಾ ಪುಸ್ತಕವನ್ನು ಒಪ್ಪಿಸಬೇಕಾಗಿತ್ತು. ಹಿಂದಿನ ವರ್ಷದ ಪುಸ್ತಕವನ್ನು ನೋಡಿ ಈ ವರ್ಷದವರು ಬರೆಯುವುದು, ಇವರದನ್ನು ನೋಡಿ ಮುಂದಿನವರು. ಹೀಗೆ ಒಂದೇ ಕಾಡಿಗೆ, ಒಂದೇ ದಿನ, ಒಂದೇ ಬಸ್ಸಿನಲ್ಲಿ ಆರು ವರ್ಷದ ಮಕ್ಕಳು ಪ್ರವಾಸ ಹೋಗಿಬಂದ ವರದಿಗಳಿಗೆ ನಾನು ಸಹಿ ಹಾಕಿದ್ದೇನೆ. ಆ ಮಕ್ಕಳಲ್ಲಿ ಒಬ್ಬರೂ ಆ ಕಾಡನ್ನು ಕಂಡಿರಲಿಲ್ಲ. ನಾನೂ ಕಂಡಿರಲಿಲ್ಲ.

ಇನ್ನು ಅಂಕದ ಮಾತು. ೨೦೧೮ರಲ್ಲಿ ಬಂದ ಹತ್ತನೆಯ ತರಗತಿಯ ವಿಜ್ಞಾನ ಮತ್ತು ತಂತ್ರಜ್ಞಾನದ ಎರಡನೆಯ ಭಾಗವನ್ನು ತೆರೆದು ನೋಡಿರಿ. ಅದರ ಲಿಖಿತ ಪರೀಕ್ಷೆ ೪೦ ಅಂಕಗಳದು, ಎರಡು ಗಂಟೆಗಳದು. ಹತ್ತು ಪಾಠಗಳಲ್ಲಿ ಪರಿಸರ ವ್ಯವಸ್ಥಾಪನೆ ಒಂದು, ಹಸಿರು ಶಕ್ತಿ ಒಂದು, ಆಪತ್ತು ವ್ಯವಸ್ಥಾಪನೆ ಒಂದು. ಇವು ಮೂರೂ ಪರಿಸರದ ಪಾಠಗಳೇ. ಆದ್ದರಿಂದ ತಾಯಿಯವರಿಗೆ ನನ್ನ ಉತ್ತರ: ಇದಕ್ಕೆ ಮಾರ್ಕು ಇದೆ ಅಮ್ಮಾ. ಬೀಜಗಣಿತದಲ್ಲಿ ಎಡವುವ ಮಗು ಇಲ್ಲಿ ನಿಲ್ಲಬಹುದು.

ಈಗ ಒಂದು ತೊಡಕಿನ ಪ್ರಸಂಗವನ್ನು ಹೇಳಬೇಕು. ನಮ್ಮ ಸಂಜೆಯ ಪಾಠಕ್ಕೆ ಬರುತ್ತಿದ್ದ ಒಬ್ಬ ಹುಡುಗಿ, ಬುದ್ಧಿವಂತೆ, ಶಾಲೆಯ ಪರೀಕ್ಷೆಯಲ್ಲಿ 'ನಮ್ಮ ರಾಜ್ಯದ ಪಕ್ಷಿ ಯಾವುದು?' ಎಂಬ ಪ್ರಶ್ನೆಗೆ 'ನೀಲಕಂಠ' ಎಂದು ಬರೆದು ಅಂಕ ಕಳೆದುಕೊಂಡಳು. ಅವಳ ಸೋದರಮಾವ ಧಾರವಾಡದಿಂದ ಅಕ್ಕರೆಯಿಂದ ಕಳಿಸಿದ ಕನ್ನಡ ಗೈಡಿನಲ್ಲಿ ಹಾಗೆಯೇ ಇತ್ತು. ಕರ್ನಾಟಕಕ್ಕೆ ನೀಲಕಂಠ ಸರಿ. ಮಹಾರಾಷ್ಟ್ರಕ್ಕೆ ಹರಿಯಾಲ, ಅಂದರೆ ಹಳದಿ ಕಾಲಿನ ಹಸಿರು ಪಾರಿವಾಳ. ಪ್ರಾಣಿಯೂ ಹಾಗೆಯೇ: ಅಲ್ಲಿ ಆನೆ, ಇಲ್ಲಿ ಶೇಕರು ಎಂಬ ದೊಡ್ಡ ಅಳಿಲು, ನಮ್ಮ ಮಲೆನಾಡಿನವರು ಕೆಂಜಳಿಲು ಎನ್ನುವುದು. ಅವಳು ಅಳುತ್ತಾ ಬಂದು, "ಸಾರ್, ಪ್ರಶ್ನೆ ಕನ್ನಡದಲ್ಲೇ ಇತ್ತಲ್ಲ, ನಮ್ಮ ರಾಜ್ಯ ಅಂದರೆ ಕರ್ನಾಟಕ ಅಂದುಕೊಂಡೆ" ಎಂದಳು.

ಈ ಮಾತಿಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಪುಣೆಯ ಬಾಲಭಾರತಿ ೧೯೬೭ರಲ್ಲಿ ಸ್ಥಾಪನೆಯಾದ ಸಂಸ್ಥೆ. ಮರಾಠಿಯಷ್ಟೇ ಅಲ್ಲದೆ ಕನ್ನಡವೂ ಸೇರಿದಂತೆ ಹಲವು ಮಾಧ್ಯಮಗಳಲ್ಲಿ ಅದು ಪಠ್ಯಪುಸ್ತಕಗಳನ್ನು ತರುತ್ತದೆ. ಈ ಔದಾರ್ಯವನ್ನು ನಾವು ಸಣ್ಣದೆಂದು ತಿಳಿಯಬಾರದು. ಆ ಪುಸ್ತಕದಲ್ಲಿ 'ನಮ್ಮ ರಾಜ್ಯ'ವೆಂದರೆ ಮಹಾರಾಷ್ಟ್ರ. ಮನೆಯಲ್ಲಿ 'ನಮ್ಮೂರು' ಎಂದರೆ ಭೀಮೆಯ ದಂಡೆ, ಇಲ್ಲವೆ ಉಡುಪಿಯ ಕಡೆ. ಎರಡೂ ಸುಳ್ಳಲ್ಲ. ಆದರೆ ಪರೀಕ್ಷೆಯ ಎರಡು ಗಂಟೆಗಳ ಮಟ್ಟಿಗೆ ಯಾವ 'ನಮ್ಮ' ಎಂಬುದನ್ನು ಹೊರನಾಡ ಮಗು ತಿಳಿದಿರಲೇಬೇಕು. ಒಳನಾಡಿನ ಮಗುವಿಗೆ ಈ ಹೆಚ್ಚಿನ ಪಾಠವಿಲ್ಲ. ಆದ್ದರಿಂದ ನನ್ನ ಮೊದಲ ಸೂಚನೆ ಬಹಳ ಲೌಕಿಕವಾದದ್ದು: ಊರಿನಿಂದ ಬಂದ ಎಸ್.ಎಸ್.ಎಲ್.ಸಿ. ಗೈಡುಗಳನ್ನು ಪ್ರೀತಿಯಿಂದ ಕಪಾಟಿನಲ್ಲಿಡಿ, ಪರೀಕ್ಷೆಗೆ ಬಾಲಭಾರತಿಯ ಪುಸ್ತಕವನ್ನೇ ಓದಿ. ಪಾಠಗಳು ಬೇರೆ, ಪಾರಿಭಾಷಿಕ ಪದಗಳೂ ಎಷ್ಟೋ ಕಡೆ ಬೇರೆ.

ಪದಗಳ ಮಾತು ಬಂದಿತು. 'ಪರಿಸರ' ಎಂಬ ಪದವನ್ನೇ ತೆಗೆದುಕೊಳ್ಳಿ. ಮರಾಠಿಯಲ್ಲಿ ಪರಿಸರವೆಂದರೆ ನೆರೆಹೊರೆ, ಸುತ್ತಮುತ್ತಲಿನ ಜಾಗ: ದಾದರ್ ಪರಿಸರ, ವಡಾಲ ಪರಿಸರ. ಕನ್ನಡದಲ್ಲಿ ನಾವು ಪರಿಸರ ಎನ್ನುವುದಕ್ಕೆ ಅವರು ಪರ್ಯಾವರಣ ಎನ್ನುತ್ತಾರೆ. ಬೀದಿಯಲ್ಲಿ ಮರಾಠಿ, ಹಿಂದಿ, ಮನೆಯಲ್ಲಿ ಕನ್ನಡ ಅಥವಾ ತುಳು, ಟಿ.ವಿ.ಯಲ್ಲಿ ಇಂಗ್ಲಿಷು ಕೇಳುವ ಮಗುವಿನ ತಲೆಯಲ್ಲಿ ಈ ಪದಗಳು ಒಂದನ್ನೊಂದು ತಳ್ಳುತ್ತವೆ. ಇದಕ್ಕೆ ನಾನು ಕಂಡುಕೊಂಡ ಮದ್ದು ಎರಡು ರೂಪಾಯಿಯ ಮದ್ದು. ಒಂದು ವಹಿಯಲ್ಲಿ ನಾಲ್ಕು ಕಂಬ ಎಳೆಯಿರಿ: ಪುಸ್ತಕದ ಕನ್ನಡ, ಮನೆಯ ಮಾತು, ಮರಾಠಿ, ಇಂಗ್ಲಿಷು. ಪುಸ್ತಕದಲ್ಲಿ 'ಮ್ಯಾಂಗ್ರೋವ್' ಎಂದಿರಬಹುದು. ಕರಾವಳಿಯ ಅಜ್ಜಿ 'ಕಾಂಡ್ಲಾ' ಎನ್ನುತ್ತಾಳೆ. ಇಲ್ಲಿಯ ಕೋಳಿಗಳು 'ತಿವರ' ಎನ್ನುತ್ತಾರೆ. ಸರಕಾರಿ ಫಲಕದಲ್ಲಿ 'ಖಾರಫುಟಿ'. ನಾಲ್ಕೂ ಒಂದೇ ಗಿಡ. ಪುಸ್ತಕದಲ್ಲಿ 'ದೇವರಾಯಿ' ಎಂಬ ಪದ ಬಂದರೆ ನಮ್ಮ ಮಕ್ಕಳು ಗಾಬರಿಯಾಗುತ್ತಾರೆ. ಕೊಡಗಿನವರಿಗೆ ಅದು ದೇವರಕಾಡು. ತುಳುನಾಡಿನವರು ತಮ್ಮ ಮನೆಯ ನಾಗಬನವನ್ನು ನೆನೆದರೆ ಸಾಕು. ಊರಿಗೆ ಹೋದಾಗ ಆ ಬನದ ಒಂದು ಕಡ್ಡಿಯನ್ನೂ ಮುರಿಯಬಾರದೆಂದು ಅಜ್ಜ ಗದರಿಸಿದ್ದನ್ನು ನೆನೆದುಕೊಂಡು ಬರೆದರೆ ಮೂರು ಅಂಕದ ಉತ್ತರ ತಾನೇ ಆಗುತ್ತದೆ.

ಈಗ ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊರಗೆ ಬನ್ನಿ.

ನಾವು ಕುಳಿತಿರುವ ಈ ಜಾಗ ಯಾವುದು? ಅಂತೋಬಾ ಎಂಬ ಹಳೆಯ ಭೂಮಾಲಿಕನೊಬ್ಬನಿಂದ ಈ ಗುಡ್ಡಕ್ಕೆ ಹೆಸರು ಬಂದಿತೆಂದು ಪ್ರತೀತಿ. ಗುಡ್ಡದ ಕೆಳಗೆ ಕೇಂದ್ರ ಸರಕಾರದ ನೌಕರರ ವಸತಿಗಳು, ಅವುಗಳ ಆಚೆ ಝೋಪಡಿಗಳು, ಅದರಾಚೆ ಕೋಕ್ರಿ ಆಗರ. ಈ 'ಆಗರ' ಎಂಬ ಪದವನ್ನು ದಿನಕ್ಕೆ ಹತ್ತು ಸಲ ಉಚ್ಚರಿಸುವ ಮಕ್ಕಳನ್ನು ನಾನು ಕೇಳಿದೆ, ಅರ್ಥವೇನೆಂದು. ಅದು ಬಸ್ ಸ್ಟಾಪಿನ ಹೆಸರು ಎಂದರು. ಮರಾಠಿಯಲ್ಲಿ ಆಗರವೆಂದರೆ ತೆಂಗಿನ ತೋಟವೂ ಹೌದು, ಉಪ್ಪಿನ ಗದ್ದೆಯೂ ಹೌದು. ವಡಾಲದ ಈ ಪೂರ್ವದ ಮಗ್ಗುಲಲ್ಲಿ ಹರಡಿಕೊಂಡಿದ್ದುದು ಉಪ್ಪು. ಕನ್ನಡದಲ್ಲಿಯೂ ನಾವು ಉಪ್ಪಿನ ಆಗರವೆಂದೇ ಹೇಳುತ್ತೇವೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳನ್ನು ಕಂಡವರು ಈ ಸಭೆಯಲ್ಲಿದ್ದಾರೆ. ಅವರಿಗೆ ಈ ಪದ ಪರಕೀಯವಲ್ಲ. ಇನ್ನೊಂದು ನಂಟೂ ಇದೆ. ೧೯೩೦ರ ಏಪ್ರಿಲ್ ೧೩ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದೇ ವರ್ಷದ ಮೇ, ಜೂನ್ ತಿಂಗಳುಗಳಲ್ಲಿ ವಡಾಲದ ಉಪ್ಪಿನ ಆಗರಗಳಿಗೆ ಸಾವಿರಾರು ಸತ್ಯಾಗ್ರಹಿಗಳು ನುಗ್ಗಿದರು. ಇತಿಹಾಸದ ಪುಸ್ತಕದಲ್ಲಿ ದಾಂಡಿ ಇದೆ, ಧಾರಾಸಣಾ ಇದೆ. ಇಲ್ಲಿಂದ ನಡೆದು ಹೋಗಬಹುದಾದ ವಡಾಲಕ್ಕೆ ಸಿಗುವುದು ಹೆಚ್ಚೆಂದರೆ ಒಂದು ಸಾಲು.

ಆಗರದ ಕೆಲಸ ಹೇಗೆ ನಡೆಯುತ್ತದೆಂಬುದನ್ನು ತಿಳಿದರೆ ವಿಜ್ಞಾನದ ಅರ್ಧ ಪಾಠ ಮುಗಿದಂತೆ. ಭರತ ಬಂದಾಗ ತೂಬು ತೆಗೆದು ಕಡಲಿನ ನೀರನ್ನು ಒಳಗೆ ಬಿಡುತ್ತಾರೆ. ನೀರು ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಸಾಗುತ್ತಾ ಬಿಸಿಲಿಗೆ ಆವಿಯಾಗಿ ಗಟ್ಟಿಯಾಗುತ್ತದೆ. ಕೊನೆಯ ಸಣ್ಣ ಗದ್ದೆಗಳಲ್ಲಿ ಉಪ್ಪು ಹರಳುಗಟ್ಟುತ್ತದೆ. ಉಳಿದ ಕಹಿನೀರನ್ನು, ಅಂದರೆ ಮೆಗ್ನೀಸಿಯಮ್ಮಿನ ಲವಣಗಳುಳ್ಳ ನೀರನ್ನು, ಹೊರಗೆ ಬಿಡುತ್ತಾರೆ. ಇಲ್ಲಿ ಕಲ್ಲಿದ್ದಲಿಲ್ಲ, ವಿದ್ಯುತ್ತಿಲ್ಲ. ಸೂರ್ಯ, ಗಾಳಿ, ಭರತ ಇಳಿತ, ಮನುಷ್ಯನ ಬೆನ್ನು, ಇಷ್ಟೇ. 'ಹಸಿರು ಶಕ್ತಿಯ ಉದಾಹರಣೆ ಕೊಡಿರಿ' ಎಂದರೆ ನಮ್ಮ ಮಕ್ಕಳು ರಾಜಸ್ಥಾನದ ಸೌರ ಫಲಕಗಳನ್ನು ಬರೆಯುತ್ತಾರೆ. ಅದೂ ಸರಿಯೇ. ಆದರೆ ಮಳೆಗಾಲದಲ್ಲಿ ಇದೇ ಗದ್ದೆಗಳು ಇನ್ನೊಂದು ಕೆಲಸ ಮಾಡುತ್ತವೆ: ಉಪ್ಪು ಬೆಳೆಯದ ಆ ನಾಲ್ಕು ತಿಂಗಳು ಅವು ಮಳೆಯ ನೀರನ್ನೂ ಭರತದ ನೀರನ್ನೂ ಹಿಡಿದಿಟ್ಟುಕೊಳ್ಳುತ್ತವೆ.

ಆ ಮಾತಿನಿಂದ ೨೦೦೫ರ ಜುಲೈ ೨೬ಕ್ಕೆ ಬರುತ್ತೇನೆ. ನಿಮ್ಮಲ್ಲಿ ಯಾರೂ ಆಗ ಹುಟ್ಟಿರಲಿಲ್ಲ. ನಿಮ್ಮ ತಾಯಂದಿರನ್ನು ಕೇಳಿರಿ. ಸಾಂತಾಕ್ರೂಜಿನಲ್ಲಿ ೨೪ ಗಂಟೆಗಳಲ್ಲಿ ೯೪೪ ಮಿಲಿಮೀಟರ್ ಮಳೆ ಬಿದ್ದಿತು. ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು ೭೫ ಮಿಲಿಮೀಟರಿಗೂ ಕಡಿಮೆ. ಒಂದೇ ನಗರ, ಎರಡು ಲೋಕ. ನೀರು ಏಕೆ ಇಳಿಯಲಿಲ್ಲ? 'ವೈಜ್ಞಾನಿಕ ಕಾರಣ ಕೊಡಿರಿ' ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ನಗರದ ಹಳೆಯ ಚರಂಡಿಗಳನ್ನು ಗಂಟೆಗೆ ೨೫ ಮಿಲಿಮೀಟರ್ ಮಳೆಗೆಂದು ಕಟ್ಟಲಾಗಿತ್ತು, ಅದೂ ಇಳಿತದ ಹೊತ್ತಿಗೆ. ಭರತದ ಹೊತ್ತಿನಲ್ಲಿ ಕಡಲು ಚರಂಡಿಯ ಬಾಯಿಯನ್ನು ಮುಚ್ಚುತ್ತದೆ. ವಿಹಾರ, ಪವಯಿ ಕೆರೆಗಳ ಹೆಚ್ಚುವರಿ ನೀರನ್ನು ಮಾಹಿಮಿನ ಕೊಲ್ಲಿಗೆ ಒಯ್ಯುವ ಮೀಠಿ ನದಿ ದಂಡೆಯ ಒತ್ತುವರಿಯಿಂದ ಇಕ್ಕಟ್ಟಾಗಿತ್ತು. ಪ್ಲಾಸ್ಟಿಕ್ ಚೀಲಗಳು ಮೋರಿಗಳನ್ನು ಕಟ್ಟಿದ್ದವು. ನೀರನ್ನು ಕುಡಿಯಬಲ್ಲ ಜೌಗು ನೆಲ ವರ್ಷ ವರ್ಷವೂ ಕಡಿಮೆಯಾಗಿತ್ತು. ಈ ಐದು ಕಾರಣಗಳಲ್ಲಿ ನಾಲ್ಕನ್ನು ಕ್ರಮವಾಗಿ ಬರೆದವರಿಗೆ ಯಾವ ಪರೀಕ್ಷಕರೂ ಅಂಕ ಕಡಿಯಲಾರರು. ಅದೇ ವರ್ಷದ ಅಕ್ಟೋಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಕಾಂಡ್ಲಾ ಕಾಡುಗಳ ನಾಶವನ್ನು ನಿಷೇಧಿಸಿತು. ೨೦೧೮ರಲ್ಲಿ ರಾಜ್ಯ ಸರಕಾರ ಪ್ಲಾಸ್ಟಿಕ್ ನಿಷೇಧಿಸಿತು. ಇವೆರಡನ್ನೂ ಉತ್ತರದ ಕೊನೆಗೆ ಸೇರಿಸಿರಿ.

ಇಲ್ಲಿ ಹಿರಿಯರೊಂದಿಗೆ ಒಂದು ಮಾತು. ಉಪ್ಪಿನ ಗದ್ದೆಗಳ ಪ್ರಶ್ನೆಯನ್ನು ನಾನು ಸುಲಭವೆಂದು ಹೇಳಲಾರೆ. ೨೦೨೪ರಲ್ಲಿ ಕಾಂಜೂರ್ ಮಾರ್ಗ, ಭಾಂಡುಪ್, ಮುಲುಂಡಗಳ ಸುಮಾರು ೨೫೬ ಎಕರೆ ಆಗರದ ಭೂಮಿಯನ್ನು ಧಾರಾವಿ ಪುನರ್ವಿಕಾಸದ ಮನೆಗಳಿಗೆ ಕೊಡುವ ನಿರ್ಣಯವಾಯಿತು. ಪರಿಸರವಾದಿಗಳು ವಿರೋಧಿಸಿದರು. ಹತ್ತು ಅಡಿ ಉದ್ದ ಹತ್ತು ಅಡಿ ಅಗಲದ ಕೋಣೆಯಲ್ಲಿ ಏಳು ಜನ ಮಲಗುವ ಮನೆಯವರ ಎದುರಿಗೆ ನಿಂತು 'ಜೌಗು ನೆಲವನ್ನು ಮುಟ್ಟಬಾರದು' ಎಂದು ಹೇಳಲು ನನ್ನ ನಾಲಗೆ ತಡೆಯುತ್ತದೆ. ಆದರೆ ನೀರು ನುಗ್ಗುವಾಗ ಮೊದಲು ನುಗ್ಗುವುದೂ ಅದೇ ಕೋಣೆಗೆ. ಬೆಟ್ಟದ ಮೇಲಿನ ಕಟ್ಟಡಗಳಿಗಲ್ಲ. ಪುಸ್ತಕದಲ್ಲಿ 'ವಿಕಾಸ ಮತ್ತು ಪರಿಸರ ಸಮತೋಲನ' ಎಂದು ಒಂದೇ ಸಾಲಿನಲ್ಲಿ ಬರೆದುಬಿಡುವುದು ಈ ಇಕ್ಕಟ್ಟನ್ನೇ. ಮಕ್ಕಳು ಎರಡೂ ಕಡೆಯ ಮಾತನ್ನು ಬರೆಯಲಿ. ಇದರಲ್ಲಿ ಮಾದರಿ ಉತ್ತರ ಯಾರ ಬಳಿಯೂ ಇಲ್ಲ.

ಇನ್ನು ಆಹಾರ ಸರಪಳಿ. ಎಲ್ಲ ಗೈಡುಗಳಲ್ಲಿಯೂ ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು. ನಮ್ಮ ಮಕ್ಕಳಲ್ಲಿ ಹಾವು ಕಪ್ಪೆಯನ್ನು ಹಿಡಿಯುವುದನ್ನು ಕಂಡವರು ಯಾರು? ಆದರೆ ಇಲ್ಲಿಂದ ದೂರವಿಲ್ಲದ ಶಿವಡಿಯ ಕೆಸರಿನಲ್ಲಿ ಚಳಿಗಾಲದಿಂದ ಮೇ ತಿಂಗಳವರೆಗೆ ಸಾವಿರಗಟ್ಟಲೆ ಫ್ಲೆಮಿಂಗೊಗಳು, ನಮ್ಮವರು ರಾಜಹಂಸವೆನ್ನುವ ಹಕ್ಕಿಗಳು, ಬಂದು ಇಳಿಯುತ್ತವೆ. ಕಛ್ ಕಡೆಯಿಂದ ಬರುತ್ತವೆ. ಶಿವಡಿ, ಮಾಹುಲ್ ಕಡೆ ಅವು ದೊಡ್ಡ ಸಂಖ್ಯೆಯಲ್ಲಿ ಕಾಣಿಸಿಕೊಂಡದ್ದು ೧೯೯೦ರ ದಶಕದಲ್ಲಿ. ೨೦೧೫ರಲ್ಲಿ ಠಾಣೆ ಕೊಲ್ಲಿಯ ಒಂದು ಭಾಗ ಫ್ಲೆಮಿಂಗೊ ಅಭಯಾರಣ್ಯವಾಯಿತು. ೨೦೨೨ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ತಾಣದ ಮಾನ್ಯತೆ ದೊರೆಯಿತು. ಸಾಣಿಕಟ್ಟೆಯ ಆಗರಗಳ ನೆರೆಯ ನಮ್ಮ ಅಘನಾಶಿನಿ ಅಳಿವೆಗೆ ಅದೇ ಮಾನ್ಯತೆ ಬಂದದ್ದು ೨೦೨೪ರ ಜನವರಿಯಲ್ಲಿ. ಇಲ್ಲಿಯೂ ಅಲ್ಲಿಯೂ ಉಪ್ಪು, ಕೆಸರು, ಕಾಂಡ್ಲಾ ಒಟ್ಟಿಗಿರುವುದು ಆಕಸ್ಮಿಕವಲ್ಲ.

ಈ ಹಕ್ಕಿಗಳಲ್ಲಿ ಎರಡು ಜಾತಿಗಳಿವೆ. ಕಿರಿಯ ಫ್ಲೆಮಿಂಗೊ ತಲೆಯನ್ನು ತಲೆಕೆಳಗಾಗಿಸಿ, ಕೊಕ್ಕನ್ನು ಜರಡಿಯಂತೆ ಆಡಿಸಿ, ಮುಖ್ಯವಾಗಿ ನೀಲಿ ಹಸಿರು ಪಾಚಿಯನ್ನು ಸೋಸಿ ತಿನ್ನುತ್ತದೆ. ಹಿರಿಯ ಫ್ಲೆಮಿಂಗೊ ಆ ಪಾಚಿಯನ್ನು ತಿಂದ ಸಣ್ಣ ಸಿಗಡಿಯಂಥ ಜೀವಿಗಳನ್ನು, ಹುಳುಗಳನ್ನು ಹೆಚ್ಚಾಗಿ ತಿನ್ನುತ್ತದೆ. ಈಗ ಶೇಕಡಾ ಹತ್ತರ ನಿಯಮವನ್ನು ಹಚ್ಚಿ. ಪಾಚಿಯಲ್ಲಿ ೧೦,೦೦೦ ಘಟಕ ಶಕ್ತಿಯಿದೆ ಎನ್ನಿ. ಕಿರಿಯ ಹಕ್ಕಿ ನೇರವಾಗಿ ತಿನ್ನುವುದರಿಂದ ಅದಕ್ಕೆ ೧,೦೦೦ ಘಟಕ ಸಿಗುತ್ತದೆ. ಅದು ಪ್ರಾಥಮಿಕ ಭಕ್ಷಕ. ಹಿರಿಯ ಹಕ್ಕಿಯ ಪಾಲಿಗೆ ನಡುವೆ ಸಿಗಡಿ ಬಂದದ್ದರಿಂದ ದೊರೆಯುವುದು ೧೦೦ ಘಟಕ. ಅದು ದ್ವಿತೀಯಕ ಭಕ್ಷಕ. ಒಂದೇ ಕೆಸರು, ಒಂದೇ ಬಣ್ಣ, ಒಂದು ಮೆಟ್ಟಿಲಿನ ವ್ಯತ್ಯಾಸ. ಶಿವಡಿಯ ಹಿಂಡಿನಲ್ಲಿ ಕಿರಿಯವೇ ಏಕೆ ಹೆಚ್ಚೆಂದು ಕೇಳಿದಾಗ ಒಬ್ಬ ಹುಡುಗ ಈ ಲೆಕ್ಕವನ್ನೇ ಮುಂದಿಟ್ಟ. ಪೂರ್ತಿ ಕಾರಣ ಅದೊಂದೇ ಅಲ್ಲದಿರಬಹುದು. ಆದರೆ ಪರೀಕ್ಷೆಗೆ ಬೇಕಾದ ಬುದ್ಧಿ ಅದು. ಇನ್ನು ಆ ಗುಲಾಬಿ ಬಣ್ಣ ಹುಟ್ಟಿನಿಂದ ಬಂದದ್ದಲ್ಲ. ಮರಿಗಳು ಬೂದು ಬಣ್ಣದವು. ಪಾಚಿಯಲ್ಲಿರುವ ಕೆರೊಟಿನಾಯ್ಡ್ ಎಂಬ ವರ್ಣದ್ರವ್ಯ ಮೈಗೆ ಸೇರಿ ಬಣ್ಣ ಬರುತ್ತದೆ.

ಒಂದು ಸಂದೇಹವನ್ನು ಮಕ್ಕಳು ಎತ್ತಿಯೇ ಎತ್ತುತ್ತಾರೆ. ಮಾಹುಲಿನ ತೈಲ ಶುದ್ಧೀಕರಣ ಕೇಂದ್ರಗಳ ನೆರಳಿನಲ್ಲಿ, ನಗರದ ಕೊಳಚೆ ಬಂದು ಬೀಳುವ ನೀರಿನಲ್ಲಿ ಹಕ್ಕಿಗಳು ಹೆಚ್ಚಾದದ್ದು ಹೇಗೆ? ಮಾಲಿನ್ಯ ಜೀವಿಗಳನ್ನು ಕೊಲ್ಲುತ್ತದೆಂದಲ್ಲವೆ ಪಾಠ? ಕೊಳಚೆಯಲ್ಲಿರುವ ಸಾರಜನಕ, ರಂಜಕಗಳಿಂದಲೇ ಪಾಚಿ ಹುಲುಸಾಗಿ ಬೆಳೆದು ಹಕ್ಕಿಗಳನ್ನು ಕರೆಯಿತೆಂದು ಪಕ್ಷಿತಜ್ಞರ ಊಹೆ. ಪಾಚಿಯೊಂದಿಗೆ ಕೆಸರಿನ ವಿಷಗಳೂ ಮೈಗೆ ಸೇರಬಹುದೆಂಬುದು ಅವರದೇ ಆತಂಕ. ಸಮೃದ್ಧಿಯ ಹಾಗೆ ಕಾಣುವುದೆಲ್ಲ ಆರೋಗ್ಯವಲ್ಲ. ೨೦೨೪ರ ಜನವರಿಯಲ್ಲಿ ತೆರೆದ ೨೧.೮ ಕಿಲೋಮೀಟರ್ ಉದ್ದದ ಅಟಲ್ ಸೇತುವೆ ಈ ಕೆಸರಿನ ಮೇಲೆಯೇ ಹಾದುಹೋಗುತ್ತದೆ. ಹಕ್ಕಿಗಳ ಸಂಖ್ಯೆಯ ಮೇಲೆ ಅದರ ಪರಿಣಾಮವನ್ನು ಎಣಿಸುವವರು ಎಣಿಸುತ್ತಿರಲಿ. ಹತ್ತನೆಯ ತರಗತಿಯವರೂ ಎಣಿಸಬಹುದು, ಅದಕ್ಕೆ ಪದವಿ ಬೇಕಿಲ್ಲ.

ವಲಸೆ ಹಕ್ಕಿಗಳ ಮಾತಾಡಿದೆ. ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ; ಇಂದು ಇಲ್ಲಿಗೆ ಬಂದದ್ದೇ ಅದಕ್ಕಾಗಿ.

ಎರಡು ವರ್ಷಗಳ ಹಿಂದೆ ಆಪತ್ತು ವ್ಯವಸ್ಥಾಪನೆಯ ಪಾಠ ಮುಗಿಸಿ, 'ಬರಗಾಲದ ಪರಿಣಾಮಗಳನ್ನು ಬರೆಯಿರಿ' ಎಂಬ ಪ್ರಶ್ನೆ ಕೊಟ್ಟಿದ್ದೆ. ಒಬ್ಬ ಹುಡುಗ ಮೂರು ನಿಮಿಷದಲ್ಲಿ ಬರೆದು ತಂದ: ಒಂದು, ಬೆಳೆ ನಾಶ. ಎರಡು, ಆಹಾರದ ಕೊರತೆ. ಮೂರು, ಜಾನುವಾರುಗಳ ಸಾವು. ನಾಲ್ಕು, ವಲಸೆ. ಗೈಡಿನಲ್ಲಿದ್ದ ಹಾಗೆಯೇ ಬರೆದಿದ್ದ, ತಪ್ಪೇನಿಲ್ಲ. ಅವನನ್ನು ಕರೆದೊಯ್ಯಲು ಬಂದ ಅವನ ಅಜ್ಜ ಬಾಗಿಲಲ್ಲಿ ಕುಳಿತಿದ್ದರು. ನಾನು ಸುಮ್ಮನೆ ಕೇಳಿದೆ, ಯಜಮಾನರೆ, ನೀವು ಮುಂಬಯಿಗೆ ಬಂದದ್ದು ಯಾವಾಗ? ಅವರು ಇ.ಸ. ಹೇಳಲಿಲ್ಲ. "ದೊಡ್ಡ ಬರ ಬಿತ್ತಲ್ರೀ, ಆವಾಗ ಗುಳೇ ಹೊಂಟು ಬಂದ್ವಿ" ಎಂದರು. ೧೯೭೨ರ ಬರ. ಎರಡು ವರ್ಷ ಮಳೆಯಿಲ್ಲದೆ, ಜೋಳದ ದಂಟೂ ಕಾಣದೆ, ಒಂದು ಜೋಡಿ ಎತ್ತುಗಳನ್ನು ಕೇಳಿದ ಬೆಲೆಗೆ ಮಾರಿ, ಕಲಬುರ್ಗಿಯಿಂದ ರೈಲು ಹತ್ತಿದ ಕತೆಯನ್ನು ಅವರು ಅರ್ಧ ಗಂಟೆ ಹೇಳಿದರು. ಬಾವಿಯ ತಳದಲ್ಲಿ ಬಟ್ಟಲಿನಿಂದ ನೀರು ತುಂಬಿದ್ದು. ರೈಲು ಸೊಲ್ಲಾಪುರ ದಾಟುವಾಗ ಬಯಲಿನ ತುಂಬ ಕಲ್ಲು ಒಡೆಯುವ ಜನ ಕಂಡದ್ದು. ಇಲ್ಲಿಗೆ ಬಂದು ಗುಡ್ಡದ ಬುಡದಲ್ಲಿ ಗೋಣಿಚೀಲ ಕಟ್ಟಿದ್ದು. ಹುಡುಗ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಹದಿನೈದು ವರ್ಷ ಒಂದೇ ಕೋಣೆಯಲ್ಲಿ ಮಲಗಿದ್ದರೂ ಈ ಕತೆ ಅವನಿಗೆ ಗೊತ್ತಿರಲಿಲ್ಲ. ತಾನು ಬರೆದ ನಾಲ್ಕನೆಯ ಅಂಶ ತಾನೇ ಎಂಬುದೂ ಗೊತ್ತಿರಲಿಲ್ಲ.

ಪುಸ್ತಕದ ಪದ ವಲಸೆ. ಮನೆಯ ಪದ ಗುಳೆ. ಪುಸ್ತಕದಲ್ಲಿ ಹಕ್ಕಿಗೂ ವಲಸೆ, ಮನುಷ್ಯನಿಗೂ ವಲಸೆ. ಉತ್ತರ ಕರ್ನಾಟಕದ ಮಾತಿನಲ್ಲಿ ಹಕ್ಕಿ ಗುಳೆ ಹೋಗುವುದಿಲ್ಲ. ಹಕ್ಕಿಗೆ ತಿರುಗಿ ಹೋಗುವ ಕಾಲ ಗೊತ್ತಿದೆ. ಗುಳೆ ಹೊರಟವನಿಗೆ ಅದು ಗೊತ್ತಿಲ್ಲ. ಈ ವ್ಯತ್ಯಾಸ ತಿಳಿದ ಮಗು ಬರದ ಬಗ್ಗೆ ಬರೆಯುವ ಉತ್ತರವೇ ಬೇರೆಯಾಗುತ್ತದೆ. ಕನ್ನಡ ಮಾಧ್ಯಮ ಉಳಿಯಬೇಕೆಂದು ನಾವು ಸಮ್ಮೇಳನಗಳಲ್ಲಿ ನಿರ್ಣಯ ಮಾಡುತ್ತೇವೆ, ಕನ್ನಡ ಶಾಲೆಗಳ ಬಾಗಿಲು ಒಂದೊಂದಾಗಿ ಮುಚ್ಚುವುದನ್ನು ನೋಡುತ್ತೇವೆ. ಉಳಿಯಬೇಕೆಂಬುದಕ್ಕೆ ನನ್ನ ಕಾರಣ ಭಾಷಾಭಿಮಾನ ಮಾತ್ರವಲ್ಲ. ಆ ಅಜ್ಜನ ಬರಗಾಲ ಕನ್ನಡದಲ್ಲಿದೆ. ಮೊಮ್ಮಗನ ಉತ್ತರ ಪತ್ರಿಕೆ ಇಂಗ್ಲಿಷಿನಲ್ಲಿದ್ದರೂ ಚಿಂತೆಯಿಲ್ಲ, ನಾನು ಹಟಮಾರಿಯಲ್ಲ. ಆದರೆ ಅಜ್ಜನ ಮಾತು ಅವನಿಗೆ ತಿಳಿಯದಿದ್ದರೆ ಆ ಅರ್ಧ ಗಂಟೆಯನ್ನು ಯಾವ ಗೈಡೂ ಅಚ್ಚು ಹಾಕಿ ಕೊಡಲಾರದು.

ಇನ್ನೊಂದು ವಿಚಾರ. ಇದೇ ಕನ್ನಡ ಪುಸ್ತಕವನ್ನು ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಮಗುವೂ ಓದುತ್ತದೆ, ಅಕ್ಕಲಕೋಟೆಯ ಮಗುವೂ ಓದುತ್ತದೆ. ಜತ್ತದಲ್ಲಿ ಬರ ಕತೆಯಲ್ಲ, ಪ್ರತಿ ಬೇಸಿಗೆಯ ಮಾತು. 'ನಿಮ್ಮ ಪ್ರದೇಶದ ನೀರಿನ ಮೂಲ ಯಾವುದು?' ಎಂಬ ಒಂದೇ ಪ್ರಶ್ನೆಗೆ ಆ ಮಗು ಟ್ಯಾಂಕರು ಎಂದು ಬರೆದೀತು. ನಮ್ಮ ಮಗು ನಲ್ಲಿ ಎಂದು ಬರೆಯುತ್ತದೆ. ನಲ್ಲಿ ಮೂಲವಲ್ಲ. ಮುಂಬಯಿಯ ನೀರು ಏಳು ಜಲಾಶಯಗಳಿಂದ ಬರುತ್ತದೆ: ವಿಹಾರ, ತುಳಸಿ, ತಾನಸಾ, ಮೋಡಕ್ ಸಾಗರ, ಮೇಲಿನ ವೈತರಣಾ, ಮಧ್ಯ ವೈತರಣಾ, ಭಾತ್ಸಾ. ವಿಹಾರ ೧೮೬೦ರದು, ತಾನಸಾ ೧೮೯೨ರದು, ಮಧ್ಯ ವೈತರಣಾ ೨೦೧೪ರದು. ನಗರ ಬೆಳೆದಂತೆಲ್ಲ ದೂರ ದೂರದ ಹೊಳೆಗಳಿಗೆ ಕೈ ಚಾಚಿದ ಚರಿತ್ರೆ ಈ ಇಸವಿಗಳಲ್ಲಿದೆ. ಮುಂಜಾನೆ ನಾಲ್ಕಕ್ಕೆ ಕೊಡ ಹಿಡಿದು ಸಾಲು ನಿಲ್ಲುವ ಹೆಣ್ಣುಮಕ್ಕಳಿಗೆ ಜಲಸುರಕ್ಷೆಯ ಪಾಠವನ್ನು ನಾನು ಹೇಳಿಕೊಡಬೇಕಾಗಿಲ್ಲ. ಒಬ್ಬರಿಗೆ ದಿನಕ್ಕೆ ಎಷ್ಟು ಕೊಡ ಸಿಗುತ್ತದೆ, ಒಂದು ಕೊಡದಲ್ಲಿ ಎಷ್ಟು ಲೀಟರು, ಗುಣಿಸಿ ಬರೆಯಿರಿ ಎಂದಷ್ಟೇ ಹೇಳುತ್ತೇನೆ. ಆ ಯೋಜನಾ ಪುಸ್ತಕವನ್ನು ಯಾರಿಂದಲೂ ನಕಲು ಮಾಡಬೇಕಾಗಿಲ್ಲ.

ಕಾಯದೆಗಳನ್ನು ಕಂಠಪಾಠ ಮಾಡಿರಿ, ಅದಕ್ಕೆ ಬೇರೆ ದಾರಿಯಿಲ್ಲ. ವನ್ಯಜೀವಿ ೧೯೭೨, ಜಲ ೧೯೭೪, ಅರಣ್ಯ ೧೯೮೦, ವಾಯು ೧೯೮೧, ಪರಿಸರ ಸಂರಕ್ಷಣೆ ೧೯೮೬, ಜೀವವೈವಿಧ್ಯ ೨೦೦೨. ೧೯೮೬ರದು ಏಕೆ ಬಂತೆಂದರೆ ೧೯೮೪ರಲ್ಲಿ ಭೋಪಾಲ ನಡೆಯಿತು. ಚಿಪ್ಕೋ ಚಳವಳಿಯ ಪ್ರಶ್ನೆ ಬಂದರೆ ಉತ್ತರದ ಕೊನೆಯಲ್ಲಿ ಒಂದು ಸಾಲು ನಮ್ಮದನ್ನೂ ಸೇರಿಸಿ: ೧೯೮೩ರ ಸೆಪ್ಟೆಂಬರಿನಲ್ಲಿ ಶಿರಸಿಯ ಕಡೆ ಪಾಂಡುರಂಗ ಹೆಗಡೆಯವರ ಮುಂದಾಳ್ತನದಲ್ಲಿ ಅಪ್ಪಿಕೋ ನಡೆಯಿತು. ಪರೀಕ್ಷಕರಿಗೆ ಅದು ಗೊತ್ತಿಲ್ಲದಿದ್ದರೆ ಗೊತ್ತಾಗಲಿ.

ಕೊನೆಗೆ ಒಂದು ಎಚ್ಚರಿಕೆಯನ್ನು ಕೊಡದಿದ್ದರೆ ನಾನು ಮಕ್ಕಳಿಗೆ ಮೋಸ ಮಾಡಿದಂತೆ. ಅಜ್ಜನ ಕತೆಯನ್ನೇ ಎರಡು ಪುಟ ಬರೆದು ವ್ಯಾಖ್ಯೆಯನ್ನು ಬಿಟ್ಟ ಹುಡುಗನಿಗೆ ಅಂಕ ಬರಲಿಲ್ಲ. ಹೌದು, ಅದೇ ಹುಡುಗ, ಪೂರ್ವಸಿದ್ಧತಾ ಪರೀಕ್ಷೆಯಲ್ಲಿ. ತಪ್ಪು ಅವನದಲ್ಲ, ಉತ್ಸಾಹದಲ್ಲಿ ದಾರಿ ತಪ್ಪಿಸಿದ ನನ್ನದು. ನೂರಾರು ಪತ್ರಿಕೆಗಳನ್ನು ನೋಡಬೇಕಾದ ಪರೀಕ್ಷಕರು ಮೊದಲು ಹುಡುಕುವುದು ಪುಸ್ತಕದ ಪದವನ್ನು. ಆದ್ದರಿಂದ ಮೊದಲ ಸಾಲಿನಲ್ಲಿ ಪುಸ್ತಕದ ವ್ಯಾಖ್ಯೆ, ಅದರ ಕೆಳಗೆ ಅಂಶಗಳು, ಪ್ರತಿ ಅಂಶದ ಪಕ್ಕದಲ್ಲಿ ನೀವು ಕಂಡ ಒಂದು ಉದಾಹರಣೆ, ಸಾಧ್ಯವಿದ್ದಲ್ಲಿ ಚಿತ್ರ. ಎರಡು ಅಂಕದ ಪ್ರಶ್ನೆಗೆ ಆಗರದ ಇತಿಹಾಸ ಬೇಡ. ಐದು ಅಂಕದ್ದು ಬಂದಾಗ ಅದನ್ನು ತೆಗೆಯಿರಿ. ಆ ಹುಡುಗ ಮಾರ್ಚಿನಲ್ಲಿ ಹಾಗೆಯೇ ಬರೆದ, ಪಾಸಾದ. ಈಗ ವಡಾಲದಲ್ಲಿ ಕೆಲಸ ಮಾಡುತ್ತಾ ರಾತ್ರಿ ಕಾಲೇಜಿಗೆ ಹೋಗುತ್ತಾನೆ. ಅಜ್ಜ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಅವರು ಹೇಳಿದ್ದನ್ನು ಅಂದು ವಹಿಯಲ್ಲಿ ಬರೆದುಕೊಂಡವಳು ನೀಲಕಂಠದ ಹುಡುಗಿ. ಆ ವಹಿ ಸಂಘದ ವಾಚನಾಲಯದಲ್ಲಿದೆ, ಕೇಳಿ ಪಡೆದು ಓದಬಹುದು.

ಬರುವ ಭಾನುವಾರ ಶಿವಡಿಯ ಧಕ್ಕೆಗೆ ಹೋಗೋಣವೆಂದು ಕಾರ್ಯದರ್ಶಿಗಳು ಒಪ್ಪಿದ್ದಾರೆ. ಭರತ ಪೂರ್ತಿ ಏರಿದಾಗ ಕೆಸರು ಮುಚ್ಚಿಹೋಗಿ ಹಕ್ಕಿಗಳು ಚದುರುತ್ತವೆ. ತೀರ ಇಳಿದಾಗ ಅವು ಬಹಳ ದೂರ ಸರಿಯುತ್ತವೆ. ನಡುವಿನ ಹೊತ್ತು ಬೇಕು. ಆ ದಿನ ಇಳಿತ ಎಷ್ಟು ಗಂಟೆಗೆಂದು ಪಂಚಾಂಗದಿಂದಲೋ ಪತ್ರಿಕೆಯಿಂದಲೋ ಕಂಡುಹಿಡಿದು ಹೊರಡುವ ವೇಳೆಯನ್ನು ಗೊತ್ತುಮಾಡುವ ಕೆಲಸ ಹತ್ತನೆಯ ತರಗತಿಯವರದು. ಶುಕ್ರವಾರ ಸಂಜೆಯೊಳಗೆ ಫಲಕದ ಮೇಲೆ ಬರೆಯಿರಿ. ಸಾಣಿಕಟ್ಟೆಯ ಕಡೆಯ ಹಿರಿಯರು ಯಾರಾದರೂ ಬರುವುದಾದರೆ ದಾರಿಯಲ್ಲಿ ಆಗರದ ಕಟ್ಟೆಗಳನ್ನು ತೋರಿಸಲು ನನಗೆ ನೆರವಾಗುತ್ತದೆ.